ಜಂಬಮ್ಮ ಗಂಡನ ಹೆಸರು ಹೇಳಿದ ಬೆಳಿಗ್ಗೆ

ನಾಗವೇಣಿಗೆ ಎರಡು ಹೆಸರು. ಹೆತ್ತವರು ಇಟ್ಟದ್ದು ಒಂದು, ಆಸ್ಪತ್ರೆಯ ಆಯಾಗಳು ಇಟ್ಟದ್ದು 'ಬಸ್ ಸಿಸ್ಟರ್'. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳಲ್ಲಿ ತಲೆಗೆ ಪೆಟ್ಟಾದವರ ಐಸಿಯುಗೆ ಎಲ್ಲೇ ನರ್ಸ್ ಕಡಿಮೆ ಬಿದ್ದರೂ ಏಜೆನ್ಸಿಯಿಂದ ಫೋನು ಬರುತ್ತಿತ್ತು. ಅವಳು ಒಂದು ಬ್ಯಾಗು ಹಿಡಿದು ಬಸ್ಸು ಹತ್ತುತ್ತಿದ್ದಳು. ಒಂದೊಂದು ಕಡೆ ಹತ್ತು ದಿನ, ಹದಿನೈದು ದಿನ. "ಕಾಲಿಗೆ ಚಕ್ರ ಕಟ್ಕೊಂಡ ಹುಟ್ಟೀದಿ ನೋಡು ನೀ," ಎನ್ನುತ್ತಿದ್ದಳು ಸಿಂಧನೂರಿನ ಮನೆಯಲ್ಲಿ ಅವ್ವ ಗ್ಯಾನಮ್ಮ. ಹನ್ನೊಂದು ವರ್ಷದ ಈ ತಿರುಗಾಟದಲ್ಲಿ ನಾಗವೇಣಿ ಕಲಿತದ್ದೆಂದರೆ, ಮಿದುಳಿನ ವಾರ್ಡಿನಲ್ಲಿ ಕೂಗಾಡುವ ರೋಗಿಗೆ ಅಷ್ಟು ಹೆದರಬೇಕಿಲ್ಲ, ಏಕಾಏಕಿ ಬದಲಾದವರಿಗೆ ಹೆದರಬೇಕು. ಆರುವ ದೀಪಕ್ಕೆ ಬೆಳಕು ಹೆಚ್ಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಜಂಬಮ್ಮ ಲಿಂಗಸುಗೂರಿನ ಆಸ್ಪತ್ರೆಗೆ ಬಂದದ್ದು ಸೋಮವಾರ. ಮುದಗಲ್ಲಿನಲ್ಲಿ ಕಿರಾಣಿ ಅಂಗಡಿ ಇಟ್ಟ ದೊಡ್ಡಬಸಪ್ಪನ ಹೆಂಡತಿ. ಗಂಡನ ಬೈಕಿನ ಹಿಂದೆ ಕೂತಿದ್ದವಳು ರಸ್ತೆಯ ಹಂಪಿನಲ್ಲಿ ಎಗರಿ ಬಿದ್ದಿದ್ದಳು. ತಲೆಬುರುಡೆಯೊಳಗೆ ಒಂದಿಷ್ಟು ರಕ್ತ ಹೆಪ್ಪುಗಟ್ಟಿತ್ತು. ಸಣ್ಣದು, ಆಪರೇಷನ್ ಬೇಡ, ಕಾದು ನೋಡೋಣ ಎಂದಿದ್ದರು. ಕಾದು ನೋಡುವುದೆಂದರೆ ಗಂಟೆಗೊಮ್ಮೆ ಕಣ್ಣಿಗೆ ಟಾರ್ಚು ಬಿಡುವುದು, ಕೈಕಾಲು ಎತ್ತಿಸುವುದು, ಪ್ರಶ್ನೆ ಕೇಳಿ ಮಾರ್ಕು ಹಾಕುವುದು. ಪೂರ್ತಿ ಎಚ್ಚರವಿದ್ದವರಿಗೆ ಹದಿನೈದು.

ಮೊದಲ ದಿನವೇ ಜಂಬಮ್ಮನ ಒಂದು ಮಾರ್ಕು ಹೋಗಿತ್ತು. ಮೈಸೂರು ಕಡೆಯಿಂದ ಹೊಸದಾಗಿ ಬಂದ ಡಾಕ್ಟರ್ ವೀರೇಂದ್ರ, "ನಿಮ್ಮ ಯಜಮಾನರ ಹೆಸರೇನಮ್ಮ?" ಎಂದು ಮೂರು ಸಲ ಕೇಳಿದ. ಆಕೆ ಆಸ್ಪತ್ರೆಯ ಚಾದರವನ್ನೇ ಸೆರಗು ಮಾಡಿ ಬಾಯಿಗೆ ಒತ್ತಿಕೊಂಡು ಗೋಡೆ ನೋಡಿದಳು. 'ಗೊಂದಲದಲ್ಲಿದ್ದಾರೆ' ಎಂದು ಬರೆದುಬಿಟ್ಟ. ನಾಗವೇಣಿಗೆ ನಗು ತಡೆಯಲಾಗಲಿಲ್ಲ. ಅವಳು ಏಳು ವರ್ಷದವಳಿದ್ದಾಗ ರೇಷನ್ ಕಾರ್ಡಿನ ಕಚೇರಿಯಲ್ಲಿ ಅಪ್ಪನ ಹೆಸರು ಹೇಳಲು ಅವ್ವ ಅವಳನ್ನೇ ಮುಂದೆ ತಳ್ಳಿದ್ದಳು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಂಬಿದ ಹೆಂಗಸರ ಸೀಮೆ ಇದು. ಅವಳು ಮಂಚದ ಪಕ್ಕ ಬಗ್ಗಿದಳು.

"ಹೆಸರು ಬ್ಯಾಡಬೇ ಯವ್ವಾ. ಗುರುತು ಹೇಳು, ಸಾಕು."

ಜಂಬಮ್ಮನ ಕಣ್ಣು ಅರಳಿತು. "ಶಿವನ ಗುಡಿ ಮುಂದ ಕುಂತಿರ್ತಾನಲ್ಲ, ಆತ. ಸಣ್ಣಾಂವ ಅಲ್ಲ ಮತ್ತ."

ಗುಡಿಯ ಮುಂದೆ ಕೂರುವವ ಬಸವ. ಸಣ್ಣವನಲ್ಲ ಎಂದರೆ ದೊಡ್ಡಬಸಪ್ಪ. ಇಷ್ಟು ಚುರುಕು ತಲೆಗೆ ಹದಿನಾಲ್ಕೇ? ನಾಗವೇಣಿ ಡಾಕ್ಟರಿಗೆ ಬಿಡಿಸಿ ಹೇಳಿ ಹದಿನೈದು ಬರೆಸಿದಳು. ಆಮೇಲೆ ಕೇಳಿದಾಗಲೆಲ್ಲ ಜಂಬಮ್ಮ ಒಂದೊಂದು ಹೊಸ ಒಗಟು ಕಟ್ಟಿದಳು. ಎರಡು ದಿನ ವಾರ್ಡಿನಲ್ಲಿ ಅದೇ ಒಂದು ನಗು.

ಗುರುವಾರ ಬೆಳಿಗ್ಗೆ ಏಜೆನ್ಸಿಯಿಂದ ಫೋನು ಬಂತು. ಹನ್ನೊಂದರ ಬಸ್ಸಿಗೆ ಮಸ್ಕಿಗೆ ಹೋಗಬೇಕು. ನಾಗವೇಣಿ ಬ್ಯಾಗು ಕಟ್ಟಿಕೊಂಡು ಬಂದರೆ ಐಸಿಯು ಬಾಗಿಲಲ್ಲಿ ದೊಡ್ಡಬಸಪ್ಪ ಪೇಡೆ ಹಂಚುತ್ತಿದ್ದ.

"ತಗೋರಿ ಸಿಸ್ಟರ್. ಇವತ್ತು ಜನರಲ್ ವಾರ್ಡಿಗೆ ಹಾಕ್ತಾರಂತ. ಮುಂಜಾನೆ ಈಕಿ ನನ್ನ ಹೆಸರು ಹಿಡದು ಕರದ್ಲುರಿ. ಮೂವತ್ತೊಂದು ವರ್ಷದಾಗ ಇದ ಮೊದಲು." ಐವತ್ತು ದಾಟಿದ ಮನುಷ್ಯ ಮದುಮಗನಂತೆ ನಾಚಿದ್ದ.

ನಾಗವೇಣಿ ಸರಸರನೆ ಒಳಗೆ ನಡೆದಳು. ಪೇಡೆ ಕೈಯಲ್ಲೇ ಉಳಿಯಿತು.

ಒಳಗೆ ಜಂಬಮ್ಮ ದಿಂಬಿಗೆ ಒರಗಿ ಕೂತಿದ್ದಳು. ಚಾದರ ಕಾಲ ಬಳಿ ಬಿದ್ದಿತ್ತು.

"ಯವ್ವಾ, ನಿನ್ನ ಯಜಮಾನ್ರು ಯಾರು?"

"ದೊಡ್ಡಬಸಪ್ಪ." ಅಂಗಡಿಯ ಬೋರ್ಡು ಓದಿದಂತೆ ಹೇಳಿದಳು. "ದೊಡ್ಡಬಸಪ್ಪಗ ನೀರು ತಾ ಅನ್ನು." ನಗಲಿಲ್ಲ, ನಾಚಲಿಲ್ಲ. ಹೇಳಿದ್ದು ತನ್ನ ಕಿವಿಗೇ ಬಿದ್ದಂತಿರಲಿಲ್ಲ.

ಕಣ್ಣಿನ ಪಾಪೆಗಳು ಎರಡೂ ಸಮ. ಕೈಕಾಲಿನ ಬಲ ಸರಿ. ನಾಡಿ ಮಾತ್ರ ನಿನ್ನೆಗಿಂತ ತುಸು ನಿಧಾನ, ಅದೂ ಗಾಬರಿಪಡುವಷ್ಟಲ್ಲ. ಹಾಳೆಯ ಮೇಲೆ ಹದಿನೈದಕ್ಕೆ ಹದಿನೈದು.

"ಸರ್, ಇನ್ನೊಮ್ಮಿ ಸ್ಕ್ಯಾನ್ ಮಾಡಸ್ರಿ," ಎಂದಳು.

"ಯಾಕೆ ಸಿಸ್ಟರ್? ಎಲ್ಲ ಸರಿಯಾಗೇ ಹೇಳ್ತಿದ್ದಾರಲ್ಲ," ಎಂದ ವೀರೇಂದ್ರ.

"ಸರಿ ಹೇಳಾಕತ್ತಾರ, ಅದಕ್ಕ ಅಂಜಿಕಿ ಬಂದೈತ್ರಿ. ಈ ಹೆಣ್ಮಗಳು ಜೀವ ಹೋದ್ರೂ ಗಂಡನ ಹೆಸರು ಹೇಳಾಕಿ ಅಲ್ಲ. ನಾಚಿಕಿ, ಅಳುಕು ಅನ್ನೋದು ಮಿದುಳಿನ ಮುಂಭಾಗದಾಗ ಇರ್ತದಲ್ರಿ? ಅಲ್ಲೇ ಏನೋ ಒತ್ತಾಕತ್ತೈತಿ."

"ಸ್ಕ್ಯಾನ್ ಚೀಟಿಯಲ್ಲಿ ಕಾರಣ ಏನಂತ ಬರೀಲಿ? ಗಂಡನ ಹೆಸರು ಹೇಳಿದರು ಅಂತಲಾ?"

"ಹೌದ್ರಿ. ಅದನ್ನ ಬರೀರಿ."

ಬಾಗಿಲಲ್ಲಿ ನಿಂತಿದ್ದ ದೊಡ್ಡಬಸಪ್ಪನ ಮುಖ ಸಣ್ಣದಾಯಿತು. "ಛಲೋ ಆಗ್ಯಾಳಲ್ರಿ ಸಿಸ್ಟರ್. ಯಾಕ ಕೆಟ್ಟ ನುಡೀತೀರಿ?"

ನಾಗವೇಣಿಗೆ ಉಣ್ಣುವವನ ಎದುರಿಂದ ತಾಟು ಎಳೆದುಕೊಂಡಷ್ಟು ನೋವಾಯಿತು. ತನ್ನ ಅನುಮಾನ ಸುಳ್ಳಾಗಲಿ ಎಂದು ನಿಜವಾಗಿಯೂ ಬೇಡಿಕೊಂಡಳು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಸೋಮವಾರ ಒಮ್ಮೆ ತಪ್ಪಿದ್ದ ವೀರೇಂದ್ರ ಅವಳ ಮುಖ ನೋಡಿ ಪೆನ್ನು ತೆಗೆದ. ಹನ್ನೊಂದರ ಬಸ್ಸು ಹೋಯಿತು. ಏಜೆನ್ಸಿಯ ಫೋನು ಮೂರು ಸಲ ಹೊಡೆದುಕೊಂಡು ಸುಮ್ಮನಾಯಿತು.

ಸ್ಕ್ಯಾನಿನಲ್ಲಿ ರಕ್ತ ಎರಡರಷ್ಟಾಗಿತ್ತು. ಮಿದುಳಿನ ಮುಂಭಾಗವನ್ನು ಅದುಮಿ ಪಕ್ಕಕ್ಕೆ ದೂಡುತ್ತಿತ್ತು. ಮಂಚಕ್ಕೆ ಮರಳುವಷ್ಟರಲ್ಲಿ ಜಂಬಮ್ಮ ವಾಂತಿ ಮಾಡಿಕೊಂಡಳು, ಕರೆದರೆ ಕಣ್ಣು ತೆರೆಯಲಿಲ್ಲ. ಆಪರೇಷನ್ನಿಗೆ ರಾಯಚೂರಿಗೇ ಒಯ್ಯಬೇಕು. ನಾಗವೇಣಿ ಮಸ್ಕಿಯ ಬ್ಯಾಗು ಹಿಡಿದೇ ಆಂಬುಲೆನ್ಸ್ ಹತ್ತಿದಳು. ಅರ್ಧ ದಾರಿಯಲ್ಲಿ ಎಡಗಣ್ಣಿನ ಪಾಪೆ ಹಿಗ್ಗತೊಡಗಿತು. ಅವಳು ಔಷಧಿ ಏರಿಸುತ್ತ, ಗಡಿಯಾರ ನೋಡುತ್ತ ಕೂತಳು. ಗಾಡಿ ಪ್ರತಿ ಹಂಪು ಹತ್ತಿದಾಗಲೂ ದೊಡ್ಡಬಸಪ್ಪ ಹೆಂಡತಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದ.

ರಾಯಚೂರಿನಲ್ಲಿ ಜಂಬಮ್ಮನನ್ನು ಆಪರೇಷನ್ ಕೋಣೆಗೆ ಒಪ್ಪಿಸಿ ನಾಗವೇಣಿ ಮಸ್ಕಿಗೆ ಹೋದಳು. ಎಂಟು ದಿನ ಸುದ್ದಿ ಬರಲಿಲ್ಲ. ಕೇಳಲು ನಾಗವೇಣಿಗೂ ಧೈರ್ಯ ಬರಲಿಲ್ಲ. ಒಂಬತ್ತನೆಯ ದಿನ ಮಸ್ಕಿಯ ವಾರ್ಡಿನಲ್ಲಿದ್ದಾಗ ಫೋನು ಬಂತು.

"ಸಿಸ್ಟರ್, ನಾನ್ರೀ, ದೊಡ್ಡಬಸಪ್ಪ. ಇವತ್ತು ಕಣ್ಣು ಬಿಟ್ಟು ಮಾತಾಡ್ಯಾಳ್ರಿ. ಡಾಕ್ಟರು ನನ್ನ ಹೆಸರು ಕೇಳಿದ್ರು. ಚಾದರ ಬಾಯಿಗೆ ಒತ್ಗೊಂಡು ಗ್ವಾಡಿ ಕಡಿ ಹೊಳ್ಳಿದ್ಲು. ಆವತ್ತು ಹೆಸರು ಕೇಳಿ ಪೇಡೆ ಹಂಚಿದ್ದೆ ನೋಡ್ರಿ. ಈಗ ಗುರಗುಂಟಿ ಅಮರೇಶ್ವರಗ ಬೇಡ್ಕೊಂಡೀನಿ, ಸಾಯೂತನಕ ಈಕಿ ಬಾಯಾಗ ನನ್ನ ಹೆಸರು ಬರಬಾರದಪ್ಪ ಅಂತ."