ಮದ್ದು ನುಂಗದ ಮೊಮ್ಮಗಳು, ಕಿವಿಗೊಟ್ಟ ಅಜ್ಜ

೨೦೦೯ರ ಮಳೆಗಾಲ. ಹಂದಿಜ್ವರದ ಸುದ್ದಿ ಎಲ್ಲ ಕಡೆ ಹಬ್ಬಿದ್ದಾಗ ನನ್ನ ಮೊಮ್ಮಗಳು ದಿಯಾಳಿಗೂ ಅದು ಅಂಟಿತು. ಆಗ ಅವಳು ಒಂದನೇ ಕ್ಲಾಸು. ಸೊಸೆ ಅವಳನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಳು. ನನಗೆ ದಮ್ಮಿನ ಕಾಯಿಲೆ, ಅತ್ತ ಸುಳಿಯಲೇಬಾರದು ಎಂದರು ಡಾಕ್ಟರು. ಹುಟ್ಟಿದಂದಿನಿಂದ ನನ್ನ ಚಾಪೆಯಲ್ಲೇ ಮಲಗಿದ ಮಗು ಅದು! ಮಗ ಮಸ್ಕತ್ತಿನಲ್ಲಿ. ಬಂದ್ಯೋಡಿನ ಮನೆಯಲ್ಲಿ ನಾನೊಬ್ಬಳೇ.

ಜ್ವರದ ಮನೆಯೆಂದು ಯಾರೂ ಮೆಟ್ಟಿಲು ತುಳಿಯಲಿಲ್ಲ. ಹಾಲಿನವನು ಕೂಡ ಗೇಟಿನ ಹೊರಗಿಟ್ಟು ಓಡುತ್ತಿದ್ದ, ಪುಣ್ಯಾತ್ಮ. ಮನುಷ್ಯರ ಸ್ವರ ಕೇಳಲಿ ಎಂದು ಟಿವಿ ಹಾಕಿ ಕೂರುತ್ತಿದ್ದೆ.

ಒಂದು ಸಂಜೆ ಸೊಸೆಯ ಫೋನು ಬಂತು. "ಅತ್ತೇ, ಇವಳು ಮದ್ದು ಉಗುಳ್ತಾಳೆ. ಅಜ್ಜಿಗೆ ನಾನು ಬೇಡ, ಅದಕ್ಕೇ ಬರ್ಲಿಲ್ಲ ಅಂತ ಒಂದೇ ಹಠ. ಜ್ವರ ಏರ್ತಾ ಉಂಟು." ಫೋನು ಮಗುವಿನ ಕಿವಿಗೆ ಇಟ್ಟಳು. ಎಷ್ಟು ಕರೆದರೂ ಅದು ಮಾತಾಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅಂಗಳಕ್ಕಿಳಿದು, ನಮ್ಮೂರ ದೈವ ಕೊರಗಜ್ಜನ ಕಟ್ಟೆಯ ದಿಕ್ಕಿಗೆ ಕೈಮುಗಿದು ಜಗಳಕ್ಕೇ ನಿಂತೆ. "ಅಜ್ಜಾ, ನನ್ನನ್ನು ಅಲ್ಲಿಗೆ ಬಿಡುವುದಿಲ್ಲ. ನಿಮ್ಮನ್ನು ತಡೆಯುವವರು ಯಾರು? ನೀವಾದ್ರೂ ಹೋಗಿ ಕೂತ್ಕೊಳ್ಳಿ ಮಾರಾಯ್ರೆ!" ಎಂದು ಅತ್ತುಬಿಟ್ಟೆ.

ಮರುದಿನ ಫೋನಿನಲ್ಲಿ ದಿಯಾಳೇ!

"ಅಜ್ಜೀ, ನಾನು ಮದ್ದು ತಿಂದೆ. ನಿಂಗೆ ದಮ್ಮು ಉಂಟಲ್ಲ, ಅದಕ್ಕೆ ಬಿಡುವುದಿಲ್ಲವಂತೆ."

"ಯಾರು ಮಗಾ ಹೇಳಿದ್ದು?"

"ಅಜ್ಜ."

ಕೊರಗಜ್ಜನೇ ಹೋಗಿ ಕೂತರೇ ಎಂದು ಕಟ್ಟೆಯತ್ತ ತಿರುಗಿ ಕೈಮುಗಿದೆ. ಸೊಸೆ ಫೋನು ತೆಗೆದುಕೊಂಡು ವಿಷಯ ಬಿಡಿಸಿ ಹೇಳಿದಳು. ಪಕ್ಕದ ಮಂಚದಲ್ಲಿ ಅದೇ ಜ್ವರದ, ಬ್ಯಾರಿ ಮುಸ್ಲಿಮರ ಅಜ್ಜ ಒಬ್ಬರಿದ್ದರು. ನನ್ನ ದಮ್ಮಿನ ಸಂಗತಿ ಸೊಸೆಯಿಂದ ಕೇಳಿ ಮಗುವಿಗೆ ತಿಳಿಹೇಳಿದವರು ಅವರೇ. "ನೀನೊಂದು, ನಾನೊಂದು, ಯಾರು ಮೊದಲು ನೋಡುವ" ಎಂದು ಪಂಥ ಕಟ್ಟಿ ಮಾತ್ರೆ ನುಂಗಿಸಿದ್ದರು.

ಜ್ವರ ಇಳಿಯಿತು, ಮಗು ಮನೆಗೆ ಬಂತು. ಕೊರಗಜ್ಜನಿಗೆ ಹರಕೆಯ ಚಕ್ಕುಲಿ, ವೀಳ್ಯ ಒಪ್ಪಿಸಿದೆವು. ಆ ಹಿರಿಯರೂ ಗುಣವಾದರೆಂದು ತಿಳಿದು, ದುಬೈಯಲ್ಲಿದ್ದ ಅವರ ಮಗಳಿಗೆ ಫೋನು ಮಾಡಿಸಿದೆ. "ನಿನ್ನ ಬಾಪ ನಮ್ಮ ಮಗುವನ್ನು ಉಳಿಸಿದರಮ್ಮಾ" ಎಂದೆ.

ಆಕೆ ಅಳತೊಡಗಿದಳು. "ಎಂತ ಹೇಳ್ತೀರಿ ಅಮ್ಮಾ! ಬಾಪನೇ ಮದ್ದು ಬೇಡ ಅಂತ ಮುಖ ತಿರುಗಿಸಿ ಮಲಗಿದ್ರು. ನಿಮ್ಮ ಮಗುವಿನ ಜೊತೆ ಪಂಥ ಕಟ್ಟಿದ ಮೇಲೇ ಅವರೂ ನುಂಗಿದ್ದು. ನಮಗೆ ಯಾರಿಗೂ ಬರ್ಲಿಕ್ಕೆ ಆಗ್ಲಿಲ್ಲ. ಬಾಪನ ಹತ್ರ ನಮ್ಮವರು ಅಂತ ಒಬ್ಬರನ್ನಾದ್ರೂ ಕಳಿಸು ಅಂತ ನಾನಿಲ್ಲಿ ದುವಾ ಮಾಡ್ತಾ ಇದ್ದೆ."

ಭಕ್ತರೇ, ನಾನು ನನ್ನ ಮಗುವಿಗಾಗಿ ಮಾತ್ರ ಬೇಡಿದ್ದೆ. ಈಗ ಅಜ್ಜನಿಗೆ ಕೈಮುಗಿದಾಗಲೆಲ್ಲ, ಪಕ್ಕದ ಮಂಚದವರನ್ನೂ ಸೇರಿಸಿಯೇ ಬೇಡುತ್ತೇನೆ.