ಮಿಡತೆಗೆ ಮುಡಿಸಿದ ಹೂವು

ಮುನಿತಾಯಮ್ಮ ಆಯುಧಪೂಜೆಗೆ ಕೈ ಹಾಕಿದರೆ ಮುಗಿಯಿತು. ಪಂಪ್‌ಸೆಟ್ಟು, ಮಿಕ್ಸಿ, ಸೈಕಲ್ಲು, ಕುಡುಗೋಲು, ಯಾವುದನ್ನೂ ಬಿಡುವವಳಲ್ಲ. ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಕೊನೆಗೆ ತೂತು ಕಂಡಲ್ಲೆಲ್ಲ ಒಂದೊಂದು ಸೇವಂತಿಗೆ ಸಿಕ್ಕಿಸುವಳು. ಒಂದು ವರ್ಷ ಬೀಗದ ತೂತಿಗೂ ಸಿಕ್ಕಿಸಿದ್ದಳು, ಗಂಡ ಬೈರಪ್ಪ ಶೆಡ್ಡಿನ ಬಾಗಿಲು ತೆಗೆಯಲಾಗದೆ ಹೊರಗೇ ನಿಂತು ಬೈದಿದ್ದ. "ಹಬ್ಬದ ದಿನ ಯಾವ್ದೂ ಬೋಳಾಗಿ ಕಾಣ್ಬಾರ್ದು ಕಣಯ್ಯ" ಎಂದಿದ್ದಳು ಇವಳು. ನಲ್ಲೂರಿನ ಕಡೆ ಹೂವಿನ ತೋಟದವರ ಮನೆಯಲ್ಲಿ ಹುಟ್ಟಿದವಳು. ಹೂವಿನಲ್ಲಿ ಕೈ ಹಿಡಿತ ಮಾಡೆಂದರೆ ಅವಳಿಗೆ ಎಲ್ಲಿಂದ ಬಂದೀತು?

ಗಂಡ ಹೆಂಡತಿ ಕಾವಲಿದ್ದುದು ಒಂದು ವಿಮಾನಕ್ಕೆ. ನಗಬೇಡಿ, ನಿಜವಾದ ವಿಮಾನವೇ. ದಾಬಸ್‌ಪೇಟೆಯಿಂದ ಒಳಗೆ, ರಾಗಿ ಹೊಲಗಳ ನಡುವೆ ವೇಣುಗೋಪಾಲಗೌಡರದೊಂದು ಶೆಡ್ಡು, ಅದರ ಮುಂದೆ ಉದ್ದನೆಯ ಮಣ್ಣಿನ ಓಟದ ದಾರಿ. ಗೌಡರು ಪ್ರಾಯದಲ್ಲಿ ಹಾರುವುದು ಕಲಿತು, ತಮಗಿಂತ ಹಳೆಯದಾದ ಎರಡು ಸೀಟಿನ ಹಳದಿ ವಿಮಾನವೊಂದನ್ನು ಗುಜರಿಗೆ ಹೋಗುವ ಮೊದಲು ತಂದು, ಒಂದೊಂದೇ ಭಾಗ ಹುಡುಕಿ ರಿಪೇರಿ ಮಾಡಿಸಿದ್ದರು. ಊರವರು ಅದಕ್ಕೆ ಗೌಡರ ಮಿಡತೆ ಎಂದು ಹೆಸರಿಟ್ಟಿದ್ದರು. ಮುನಿತಾಯಮ್ಮ ಶೆಡ್ಡು ಗುಡಿಸುವಳು, ಗೌಡರಿಗೆ ಅಡುಗೆ ಮಾಡುವಳು. ಶೆಡ್ಡಿನ ಪಕ್ಕದ ಎರಡು ಕೋಣೆಯೇ ಅವರ ಸಂಸಾರ.

ಗೌಡರ ಮಗಳು ಅರ್ಪಿತ ನೆಲಮಂಗಲದಲ್ಲಿ ಹಲ್ಲಿನ ಡಾಕ್ಟರು. ಬಂದಾಗಲೆಲ್ಲ ಅದೇ ರಾಗ: "ಅಪ್ಪ, ಹಾರಾಟ ಸಾಕು." ಗೌಡರದೂ ಅದೇ ಉತ್ತರ: "ನನ್ನ ಕಣ್ಣು, ಕೈ ಕೈಕೊಟ್ಟ ದಿನ ನಾನೇ ಬಿಡ್ತೀನಿ. ನೀನು ಹೇಳೋದೇ ಬೇಡ."

ಕಳೆದ ಆಯುಧಪೂಜೆಯ ದಿನ ಮಿಡತೆಗೂ ಎಂದಿನಂತೆ ಅಲಂಕಾರವಾಯಿತು. ಮೂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಎಡ ರೆಕ್ಕೆಯ ಕೆಳಗೆ ಬೆರಳುಗಾತ್ರದ ಒಂದು ಕೊಳವೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಇಷ್ಟು ವರ್ಷ ಅದಕ್ಕೊಂದು ಬಟ್ಟೆಯ ಟೋಪಿ ಇರುತ್ತಿತ್ತು. ಅಂದು ಟೋಪಿ ಒಗೆದು ಒಣಹಾಕಿದ್ದಳು. ತೂತು ಕಂಡಿತು, ಕೈ ಸುಮ್ಮನಿರಲಿಲ್ಲ.

ಪೂಜೆಯಾದ ಮೇಲೆ ಒಂದು ಸುತ್ತು ಹಾರುವುದು ಗೌಡರ ಪದ್ಧತಿ. ಹಾರ, ಹೂವು ಎಲ್ಲ ತೆಗೆಸಿ ಹತ್ತಿದರು. ಮಿಡತೆ ನಿಂಬೆಹಣ್ಣು ತುಳಿದು ಹೊರಟಿತು, ಓಡಿತು, ಇನ್ನೇನು ಏಳಬೇಕು, ಏಳಲಿಲ್ಲ. ಸದ್ದು ತಟ್ಟನೆ ಇಳಿಯಿತು. ದಾರಿ ಮುಗಿದರೂ ನಿಲ್ಲದೆ ರಾಗಿ ಹೊಲಕ್ಕೆ ನುಗ್ಗಿ, ಮೂತಿ ಮಣ್ಣಿಗೆ ಊರಿ, ಬಾಲ ಮೇಲೆ ಮಾಡಿ ನಿಂತಿತು. ಗೌಡರ ಹೆಗಲ ಮೂಳೆ ಮುರಿದಿತ್ತು. ಪುಣ್ಯಕ್ಕೆ ಅಷ್ಟೇ.

ವಿಚಾರಣೆಗೆ ವಿಮಾನ ಇಲಾಖೆಯ ಬೂಟುಕಾಲಿನವರು ಬರುತ್ತಾರೆಂದು ತಿಳಿದು ಮುನಿತಾಯಮ್ಮ ಮಿಡತೆಯ ಮೇಲೆ ಉಳಿದಿದ್ದ ಹೂವಿನ ಚೂರುಗಳನ್ನೆಲ್ಲ ಆರಿಸಿದಳು. ದೇವರಿಗೇರಿಸಿದ್ದು ಕಾಲಿಗೆ ಸಿಕ್ಕಬಾರದಲ್ಲ. ಕೊಳವೆಯೊಳಗೆ ಮುರಿದುಕೊಂಡಿದ್ದ ತೊಟ್ಟನ್ನು ಪಿನ್ನಿನಿಂದ ಎಳೆದು, ಎಲ್ಲವನ್ನೂ ತುಳಸಿಯ ಬುಡಕ್ಕೆ ಹಾಕಿದಳು.

ಬಂದವರು ನೋಡಿದರು, ಊದಿದರು, ಅಳೆದರು. "ವೇಗದ ಮುಳ್ಳು ಏಳಲೇ ಇಲ್ಲ, ಅದಕ್ಕೇ ನಿಲ್ಲಿಸಿದೆ" ಎಂದರು ಗೌಡರು. "ಈ ಕೊಳವೆಗೆ ಗಾಳಿ ಹೋದ್ರೆ ಮುಳ್ಳು ಏಳುತ್ತೆ ಸಾರ್. ಕೊಳವೆ ಚೊಕ್ಕವಾಗಿದೆ, ಮುಳ್ಳೂ ಸರಿಯಾಗಿದೆ" ಎಂದರು ಅವರು. ನಿಮ್ಮ ಕಣ್ಣೇ ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಕಾಫಿ ತಂದ ಮುನಿತಾಯಮ್ಮ ಅದನ್ನು ಕೇಳಿಸಿಕೊಂಡು, ತಟ್ಟೆ ಅಲ್ಲೇ ಇಟ್ಟು ಗಂಡನನ್ನು ಹುಡುಕಿಕೊಂಡು ಹೋದಳು.

"ಬಾಯ್ಬಿಟ್ಟೀಯ ಜೋಕೆ" ಎಂದ ಬೈರಪ್ಪ, ವಿಷಯ ಕೇಳಿ. "ಇಬ್ರೂ ಗಂಟುಮೂಟೆ ಕಟ್ಬೇಕಾಗುತ್ತೆ. ಸುಮ್ನಿರು."

ಸುಮ್ಮನಿದ್ದಳು. ಆದರೆ ಗೌಡರನ್ನು ನೋಡಿಕೊಂಡು ಸುಮ್ಮನಿರುವುದು ಸುಲಭವೇ? ಮೂಳೆ ಕೂಡಿತು, ಮನುಷ್ಯ ಕೂಡಲಿಲ್ಲ. ಜೀಪು ಮುಟ್ಟಲಿಲ್ಲ. ಪೇಪರು ಓದಿ, ಅದನ್ನೇ ಬೈರಪ್ಪನ ಕೈಯಲ್ಲಿ ಮತ್ತೆ ಓದಿಸಿ, ತಾವು ಓದಿದ್ದು ಸರಿಯೇ ಎಂದು ನೋಡಿಕೊಳ್ಳುವರು. ಒಂದು ಮಧ್ಯಾಹ್ನ ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಟ್ಟು, ತಲೆಯೆತ್ತಿ ಕೇಳಿದರು: "ತಾಯಮ್ಮ, ಇದಕ್ಕೆ ಉಪ್ಪು ಹಾಕಿದ್ದೀಯಾ? ನನ್ನ ನಾಲಿಗೇನೂ ನಂಬೋಕಾಗಲ್ಲ ನೋಡು."

ಇರುವ ಮನೆ ಹೋದರೆ ಹೋಗಲಿ ಎನಿಸಿತು ಮುನಿತಾಯಮ್ಮನಿಗೆ.

"ಉಪ್ಪು ಮರ್ತಿದ್ದೆ ಯಜಮಾನ್ರೆ. ನಿಮ್ಮ ನಾಲಿಗೆ ಸರಿಯಾಗೈತೆ. ಕಣ್ಣೂ ಸರಿಯಾಗೈತೆ" ಎಂದಳು. "ಮುಳ್ಳು ನಿಜವಾಗ್ಲೂ ಏಳ್ಲಿಲ್ಲ. ಆ ಕೊಳವೇಲಿ ಸೇವಂತಿಗೆ ಸಿಕ್ಕಿಸಿದ್ದೆ ನಾನು. ಹೂವು ಬಂತು, ತೊಟ್ಟು ಒಳಗೇ ಉಳೀತು. ಅವ್ರು ಬರೋಕೆ ಮುಂಚೆ ನಾನೇ ಕಿತ್ತು ತುಳಸಿ ಬುಡಕ್ಕೆ ಹಾಕ್ಬಿಟ್ಟೆ."

ಗೌಡರು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗಿಟ್ಟರು. ಆಮೇಲೆ, "ಏಳ್ಲಿಲ್ಲ ಅಲ್ವಾ?" ಎಂದರು.

"ಇಲ್ಲ."

ಎಂಜಲು ಕೈಯಲ್ಲೇ ಕೂತು ಅತ್ತರು. ಮುನಿತಾಯಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ಬಾಗಿಲಲ್ಲಿ ನಿಂತಿದ್ದ ಬೈರಪ್ಪ, ಗಂಟುಮೂಟೆಯ ಮಾತು ಬರುತ್ತದೆಂದು ಕಾದೇ ಕಾದ. ಬರಲಿಲ್ಲ.

"ಹೂವು ಇಟ್ಟಿದ್ದು ನೀನು, ಬಗ್ಗಿ ನೋಡದೆ ಹತ್ತಿದ್ದು ನಾನು" ಎಂದರು ಗೌಡರು, ಸಮಾಧಾನವಾದ ಮೇಲೆ. "ಹಾರೋಕೆ ಮುಂಚೆ ಆ ಕೊಳವೆ ನೋಡು ಅಂತ ಮೊದಲನೇ ದಿನಾನೇ ಹೇಳ್ಕೊಡ್ತಾರೆ. ಅವತ್ತು ಮೊಣಕಾಲು ನೋಯ್ತಿತ್ತು. ಬಗ್ಗಲಿಲ್ಲ." ಕೈ ತೊಳೆದು ಮಗಳಿಗೆ ಫೋನ್ ಮಾಡಿದರು. "ಅರ್ಪಿತ, ಕಣ್ಣು ಸರಿ ಇದೆಯಂತೆ ಕಣಮ್ಮ. ಕೈಕೊಟ್ಟಿದ್ದು ಮೊಣಕಾಲು. ಹೇಳಿದ್ದೆನಲ್ಲ, ನಾನೇ ಬಿಡ್ತೀನಿ ಅಂತ. ಬಿಟ್ಟೆ." ಅಂದು ಸಂಜೆ ಜೀಪು ತೆಗೆದು ತಾವೇ ದಾಬಸ್‌ಪೇಟೆಗೆ ಹೋಗಿ ಬಂದರು.

ಈ ವರ್ಷ ಮತ್ತೆ ಆಯುಧಪೂಜೆ ಬಂತು. ಮುನಿತಾಯಮ್ಮ ಎಲ್ಲ ತೊಳೆದಳು, ವಿಭೂತಿ ಬಳಿದಳು, ಹಾರ ಹಾಕಿದಳು. ತೂತುಗಳ ತಂಟೆಗೆ ಮಾತ್ರ ಹೋಗಲಿಲ್ಲ. ಬೀಗಕ್ಕೂ ಇಲ್ಲ, ಪಂಪ್‌ಸೆಟ್ಟಿಗೂ ಇಲ್ಲ. ಶೆಡ್ಡಿನೊಳಗೆ ಮೂತಿ ಸೊಟ್ಟಗಾಗಿಯೇ ನಿಂತ ಮಿಡತೆಯ ಮುಂದೆ ಗೌಡರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ಆರತಿಗೆ ಕರ್ಪೂರ ಹುಡುಕುತ್ತಿದ್ದಾಗ ಊರುಗೋಲೆತ್ತಿ ರೆಕ್ಕೆಯ ಕೆಳಗೆ ತೋರಿಸಿದರು.

"ಅದೊಂದು ಬೋಳಾಗಿ ಕಾಣ್ತಾ ಇದೆ, ತಾಯಮ್ಮ. ಹೂವಿಡು."

ಅವಳು ಅನುಮಾನಿಸಿ ನಿಂತಳು.

"ಇಡಮ್ಮ. ಇನ್ನು ಅದಕ್ಕೆ ಗಾಳಿ ಬೇಡ."

ಮುನಿತಾಯಮ್ಮ ತಟ್ಟೆಯಲ್ಲಿದ್ದವುಗಳಲ್ಲಿ ಒಳ್ಳೆಯ ಸೇವಂತಿಗೆಯೊಂದನ್ನು ಆರಿಸಿ, ತೊಟ್ಟು ಮುರಿಯದ ಹಾಗೆ, ಕೊಳವೆಯಲ್ಲಿ ಭದ್ರವಾಗಿ ಸಿಕ್ಕಿಸಿದಳು.