ಬೋಳು ನೆತ್ತಿಗೆ ಬಿಸಿಲೇ ಸೆರಗು

ನನ್ನ ಗಂಡ ಕವಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪೂರ್ಣಾವಧಿ ಕವಿ. ಅವರ ಕವನಗಳಲ್ಲಿ ಮನುಷ್ಯರು ಕಾಣಿಸಿಕೊಳ್ಳುವುದು ಕಡಿಮೆ. ಅವರಮ್ಮ ಆಲದ ಮರ, ಅಪ್ಪ ಬೆಟ್ಟ. ಮಗಳು ಹುಟ್ಟಿದಾಗ ಮೊಗ್ಗು, ಮದುವೆಯಾಗಿ ಹೋದಾಗ ಹೊಳೆ. ಮದುವೆಯಾದಾಗಿನಿಂದ ನಾನು ಬಳ್ಳಿ. ಅಡುಗೆ ಮಾಡಿಟ್ಟು, ಆಫೀಸಿಗೆ ಹೋಗಿ, ಬಂದು ಮತ್ತೆ ಅಡುಗೆ ಮಾಡುವ ಬಳ್ಳಿ. ಕವಿಗಳ ಮನೆಯಲ್ಲಿ ಇದೆಲ್ಲ ಇದ್ದದ್ದೇ ಅಂತ ತಕರಾರು ಮಾಡಿರಲಿಲ್ಲ.

ಹೋದ ವರ್ಷ ನನಗೆ ಸ್ತನದ ಕ್ಯಾನ್ಸರ್ ಅಂತಾಯಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು, ಕೂದಲು ಬಾಚಣಿಗೆಯಲ್ಲಿ ಉಂಡೆಯುಂಡೆಯಾಗಿ ಬಂತು. ಮನೆಯವರನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಸಹಕಾರನಗರದ ನಮ್ಮ ರಸ್ತೆಯವರಿಗೆ ಟೈಫಾಯಿಡ್ ಅಂದೆ. ಹಿಂದಿನ ಕ್ರಾಸಿನ ಟೀಚರೊಬ್ಬರಿಗೆ ಇದೇ ಕಾಯಿಲೆ ಬಂದಾಗ ನೋಡಿದ್ದೆ. ಜನ ಅವರ ಜೊತೆ ಜಗಳವಾಡುವುದನ್ನೇ ಬಿಟ್ಟರು. ಕಸದ ಗಾಡಿ, ನೀರಿನ ಟ್ಯಾಂಕರ್, ಯಾವುದಕ್ಕೂ ಅವರನ್ನು ಕೇಳುತ್ತಿರಲಿಲ್ಲ. ಬದುಕಿರುವಾಗಲೇ "ಒಳ್ಳೆಯವರಾಗಿದ್ದರು ಪಾಪ" ಅನ್ನುತ್ತಿದ್ದರು. ನನಗೆ ಅದು ಬೇಡವಾಗಿತ್ತು. ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುವ ಎದುರು ಮನೆಯವರ ಜೊತೆ ನನ್ನ ಜಗಳ ವರ್ಷಗಳಿಂದ ನಡೆದಿತ್ತು. ಅದು ನಡೆದುಕೊಂಡೇ ಹೋಗಬೇಕಿತ್ತು. ಅದಕ್ಕೇ ಒಂದು ಒಳ್ಳೆಯ ವಿಗ್ ತಂದುಕೊಂಡೆ.

ನವೆಂಬರಿನಲ್ಲಿ ಬಡಾವಣೆಯ ಪಾರ್ಕಿನಲ್ಲಿ ಶಾಮಿಯಾನ ಹಾಕಿ ಕವಿಗೋಷ್ಠಿ ಮಾಡುತ್ತಾರೆ. ಅದರ ಹಿಂದಿನ ವಾರ ಊಟಕ್ಕೆ ಕೂತಾಗ ನನ್ನ ಗಂಡ ಹೊಸ ಕವನ ಓದಿದರು.

"ಎಲೆಯುದುರಿ ನಿಂತಿಹುದು ನನ್ನಂಗಳದ ಮರ, ಬೋಳು ನೆತ್ತಿಗೆ ಬಿಸಿಲೇ ಸೆರಗು."

ತುತ್ತು ನನ್ನ ಕೈಯಲ್ಲೇ ಉಳಿಯಿತು.

"ಇದನ್ನ ಅಲ್ಲಿ ಓದ್ಬೇಡಿ," ಅಂದೆ.

"ರೂಪಕ ಕಣೇ. ಮರ ಅಂದ್ರೆ ಮರ ಅಂತಾನೇ ಅಂದ್ಕೋತಾರೆ."

"ಬೇಡ ಅಂದ್ರೆ ಬೇಡ ಕಣ್ರೀ."

"ಆಯ್ತು ಬಿಡು, ಮಳೆ ಮೇಲೆ ಹಳೇದೊಂದಿದೆ, ಅದನ್ನೇ ಓದ್ತೀನಿ."

ಗೋಷ್ಠಿಯ ದಿನ ಶಾಮಿಯಾನದ ಬಾಗಿಲಲ್ಲಿ ಕೊಟ್ಟ ಮಲ್ಲಿಗೆಯನ್ನು ವಿಗ್ಗಿಗೆ ಪಿನ್ನು ಹಾಕಿ ಮುಡಿದು ಮೂರನೇ ಸಾಲಿನಲ್ಲಿ ಕೂತಿದ್ದೆ. ಇವರಿಗಿಂತ ಮುಂಚೆ ಓದಿದವರಿಗೆ ಚಪ್ಪಾಳೆ ಜೋರಾಗಿಯೇ ಬಿತ್ತು. ಇವರು ಮೈಕಿನ ಮುಂದೆ ನಿಂತು ಕೈಯಲ್ಲಿದ್ದ ಹಾಳೆಯನ್ನು ಜೇಬಿಗೆ ತುರುಕಿ ಇನ್ನೊಂದನ್ನು ಬಿಡಿಸಿದ್ದು ಕಂಡಿತು.

"ಇದು ನನ್ನ ಮನೆಯಾಕೆಗೆ," ಅಂದರು.

ಕವಿಗೋಷ್ಠಿಯಲ್ಲಿ ಒಂದು ಪದ್ಧತಿಯಿದೆ. ಸಾಲು ಹಿಡಿಸಿದರೆ ಕೇಳುವವರು "ಮತ್ತೊಮ್ಮೆ" ಅನ್ನುತ್ತಾರೆ, ಕವಿ ಅದನ್ನೇ ಇನ್ನೊಂದು ಸಲ ಓದುತ್ತಾನೆ. ಬೋಳು ನೆತ್ತಿಯ ಸಾಲಿಗೆ ನಮ್ಮ ಎದುರು ಮನೆಯವರೇ "ಮತ್ತೊಮ್ಮೆ" ಅಂದರು. ಇವರು ಖುಷಿಯಾಗಿ ಓದಿದರು. ಮೊದಲ ಸಲ ಯಾರಿಗೂ ಹೊಳೆದಿರಲಿಲ್ಲವೋ ಏನೋ. ಎರಡನೇ ಸಲಕ್ಕೆ ಮುಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನನ್ನ ತಲೆ ನೋಡಿದರು. ನನ್ನ ಕೈ ತಾನಾಗಿ ಮಲ್ಲಿಗೆಯ ಮೇಲೆ ಹೋಯಿತು. ಎಲೆ ಉದುರಿತೆಂದು ಯಾವ ಮರವೂ ಹೀಗೆ ತಲೆ ಮುಟ್ಟಿ ನೋಡಿಕೊಳ್ಳುವುದಿಲ್ಲ. ಕಾರ್ಯಕ್ರಮ ಮುಗಿಯುವವರೆಗೂ ಅಲ್ಲೇ ಕೂತಿದ್ದೆ, ಎದ್ದು ಹೋದರೆ ಇನ್ನಷ್ಟು ನೋಡುತ್ತಾರಲ್ಲ ಅಂತ.

ಮನೆಗೆ ಬಂದು ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು, "ಜನ ಎಷ್ಟು ಮೆಚ್ಕೊಂಡ್ರು ನೋಡಿದ್ಯಾ?" ಅಂದರು. ಆ ಮನುಷ್ಯನ ಮೇಲೆ ಅವತ್ತು ಹುಟ್ಟಿದ ಅಸಹ್ಯ ಇನ್ನೂ ಪೂರ್ತಿ ಹೋಗಿಲ್ಲ.

ಮರುದಿನದಿಂದ ಮನೆಗೆ ಎಲೆಗಳು ಬರತೊಡಗಿದವು. ಲಕ್ಷ್ಮಣಫಲದ ಎಲೆ, ಅಮೃತಬಳ್ಳಿ ಎಲೆ, ಪರಂಗಿ ಎಲೆ. "ಕಷಾಯ ಮಾಡ್ಕೊಂಡ್ ಕುಡೀರಿ, ಎಷ್ಟೋ ಜನಕ್ಕೆ ವಾಸಿಯಾಗಿದೆಯಂತೆ." ಎಲೆಯುದುರಿದ ಮರಕ್ಕೆ ಬಡಾವಣೆಯವರೆಲ್ಲ ಸೇರಿ ಎಲೆ ಅಂಟಿಸಲು ಹೊರಟಿದ್ದರು. ಎದುರು ಮನೆಯವರು ಕಾರನ್ನು ನಾನು ಹೇಳದೆಯೇ ಮುಂದಿನ ತಿರುವಿನಲ್ಲಿ ನಿಲ್ಲಿಸತೊಡಗಿದರು. ಖಾಲಿಯಾದ ಆ ಜಾಗ ನೋಡಿದ ದಿನ ನಾನು ಅತ್ತುಬಿಟ್ಟೆ.

ಫೆಬ್ರವರಿಯಲ್ಲಿ ಗೇಟಿನ ಮುಂದಿನ ಹೊಂಗೆ ಎಲೆಯೆಲ್ಲ ಉದುರಿಸಿ, ನೋಡನೋಡುತ್ತಲೇ ಚಿಗುರಿತು. ಕೀಮೋ ಮುಗಿದು ನನ್ನ ತಲೆಯ ಮೇಲೂ ಬೂದು ಬಣ್ಣದ ಕೂದಲು ಬಂತು. ಇವರು ಕವನದ ಎರಡನೇ ಭಾಗ ಬರೆಯಲು ಕೂತರು. ಯುಗಾದಿಗೆ ಓದುವುದಂತೆ.

ಯುಗಾದಿಗೆ ಮುಂಚೆ ನನ್ನ ಸ್ಕ್ಯಾನ್ ಇತ್ತು. ಡಾಕ್ಟರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಕಾಯಿಲೆ ಲಿವರ್‌ಗೆ ಹರಡಿತ್ತು. ವಾಸಿ ಮಾಡುವ ಮಾತನ್ನು ಈ ಸಲ ಅವರು ಆಡಲಿಲ್ಲ.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಟ್ರಾಫಿಕ್ ನಿಂತುಬಿಟ್ಟಿತು. ಇವರು ಸ್ಟೀರಿಂಗ್ ಹಿಡಿದುಕೊಂಡೇ, "ಮರ ಎಷ್ಟು ಸಲ ಬೋಳಾದ್ರೂ..." ಅಂತ ಶುರು ಮಾಡಿದರು.

"ಮರಕ್ಕೆ ಸಾಯ್ತೀನಿ ಅಂತ ಗೊತ್ತಿರಲ್ಲ ಕಣ್ರೀ," ಅಂದೆ. "ನನಗೆ ಗೊತ್ತು."

ಮುಂದಿನ ಬಸ್ಸು ಸರಿಯಿತು. ಹಿಂದಿನವರು ಹಾರ್ನ್ ಹೊಡೆದರು. ಇವರು ಕಾರನ್ನು ಮುಂದಕ್ಕೆ ತೆಗೆಯಲಿಲ್ಲ. ಮತ್ತೊಮ್ಮೆ ಹೇಳು ಅಂತಲೂ ಅನ್ನಲಿಲ್ಲ.